ಸಿಬಿಲ್ ಎಂಬ ಗುಮ್ಮ

ಬ್ಯಾಂಕಿನ ಸಾಲದ ಮೇಜಿನೆದುರು, ಮೊಬೈಲ್ ಅಂಗಡಿಯ ಇಎಂಐ ಕೌಂಟರಿನಲ್ಲಿ, ವಾರಕ್ಕೊಮ್ಮೆ ಸೇರುವ ಸಂಘದ ಸಾಲದ ಸಭೆಯಲ್ಲಿ ಈಗ ಒಂದೇ ಪದ ಓಡಾಡುತ್ತಿದೆ. 'ನಿಮ್ಮ ಸಿಬಿಲ್ ಬಿದ್ದೋಗಿದೆ ಸಾರ್', 'ಸಿಬಿಲ್ ಹಾಳಾದ್ರೆ ಇನ್ನೆಲ್ಲೂ ಸಾಲ ಹುಟ್ಟಲ್ಲ', 'ಕಟ್ಟಲಿಲ್ಲ ಅಂದ್ರೆ ಸಿಬಿಲ್‌ಗೆ ಹಾಕ್ತೀವಿ ನೋಡಿ'. ಈ ಕೊನೆಯ ಮಾತು ವಸೂಲಿಗೆ ಬಂದವರದು. ಒಂದು ಕಾಲದಲ್ಲಿ ಪೊಲೀಸರ ಹೆಸರು ಹೇಳಿ ಹೆದರಿಸುತ್ತಿದ್ದ ಜಾಗದಲ್ಲಿ ಈಗ ಸಿಬಿಲ್ ಬಂದು ಕೂತಿದೆ. ಅನ್ನ ಉಣ್ಣದ ಮಗುವಿಗೆ ಗುಮ್ಮನನ್ನು ತೋರಿಸಿದ ಹಾಗೆ. ಗುಮ್ಮನ ಶಕ್ತಿಯೆಲ್ಲ ಇರುವುದು ಅದನ್ನು ಯಾರೂ ಹತ್ತಿರದಿಂದ ನೋಡಿಲ್ಲ ಎಂಬುದರಲ್ಲಿ. ಸಿಬಿಲ್ ವಿಷಯದಲ್ಲೂ ಹಾಗೇ ಆಗಿದೆ. ಜನ ಮೂರಂಕಿಯ ಒಂದು ಸಂಖ್ಯೆಗೆ ಹೆದರುತ್ತಾರೆ, ಆ ಸಂಖ್ಯೆ ಹುಟ್ಟುವ ಖಾತೆ ಪುಸ್ತಕವನ್ನು ಮಾತ್ರ ತೆರೆದು ನೋಡುವುದಿಲ್ಲ. ಸಿಬಿಲ್ ಬಗೆಗಿನ ತಪ್ಪು ಕಲ್ಪನೆಗಳಲ್ಲಿ ಬಹುಪಾಲು ಇಲ್ಲಿಂದಲೇ ಹುಟ್ಟುತ್ತವೆ ಎಂಬುದು ಈ ಬರಹದ ವಾದ.

ಮೊದಲಿಗೆ ಹೆಸರಿನ ಗೊಂದಲ. ಸಿಬಿಲ್ ಸರ್ಕಾರದ ಇಲಾಖೆ ಅಲ್ಲ, ರಿಸರ್ವ್ ಬ್ಯಾಂಕಿನ ಶಾಖೆಯೂ ಅಲ್ಲ. ಕ್ರೆಡಿಟ್ ಇನ್ಫರ್ಮೇಷನ್ ಬ್ಯೂರೋ ಇಂಡಿಯಾ ಲಿಮಿಟೆಡ್ ಎಂಬ ಹೆಸರಿನಲ್ಲಿ 2000ದಲ್ಲಿ ಶುರುವಾದ ಕಂಪನಿ ಅದು. ಈಗ ಅಮೆರಿಕದ ಟ್ರಾನ್ಸ್‌ಯೂನಿಯನ್ ಕಂಪನಿಯ ಹಿಡಿತದಲ್ಲಿದ್ದು, ಟ್ರಾನ್ಸ್‌ಯೂನಿಯನ್ ಸಿಬಿಲ್ ಎಂದು ಕರೆಸಿಕೊಳ್ಳುತ್ತದೆ. ಜನರ ಸಾಲದ ಲೆಕ್ಕ ಇಡುವುದು ಅದರ ಕೆಲಸ. ಇದೇ ಕೆಲಸ ಮಾಡುವ ಇನ್ನೂ ಮೂರು ಕಂಪನಿಗಳು ದೇಶದಲ್ಲಿವೆ: ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್. ಮೊದಲು ಬಂದದ್ದರ ಹೆಸರೇ ಎಲ್ಲಕ್ಕೂ ಅಂಟಿಕೊಂಡಿದೆ, ಯಾವ ಕಂಪನಿಯದಾದರೂ ಫೋಟೋಪ್ರತಿಗೆ ಜೆರಾಕ್ಸ್ ಅನ್ನುವಂತೆ. 2005ರ ಸಾಲ ಮಾಹಿತಿ ಕಂಪನಿಗಳ ಕಾಯ್ದೆಯಡಿ ರಿಸರ್ವ್ ಬ್ಯಾಂಕ್ ಇವುಗಳ ಮೇಲೆ ಕಣ್ಣಿಡುತ್ತದೆ. ಸಾಲ ಕೊಡುವ ಬ್ಯಾಂಕು, ಹಣಕಾಸು ಕಂಪನಿಗಳು ಈ ನಾಲ್ಕಕ್ಕೂ ಸದಸ್ಯರಾಗಬೇಕೆಂದು 2015ರಲ್ಲಿ ಆದೇಶವಾಯಿತು. 2025ರ ಜನವರಿಯಿಂದ 15 ದಿನಕ್ಕೊಮ್ಮೆಯಾದರೂ ಎಲ್ಲ ಸಾಲದ ಖಾತೆಗಳ ಲೆಕ್ಕ ಕಳಿಸಬೇಕೆಂಬ ನಿಯಮವೂ ಬಂತು. 'ಎಲ್ಲ' ಎಂಬ ಪದವನ್ನು ಗಮನಿಸಿ. ಸರಿಯಾಗಿ ಕಟ್ಟುವವರ ಲೆಕ್ಕವೂ ಅಲ್ಲಿಗೇ ಹೋಗುತ್ತದೆ, ತಪ್ಪಿಸುವವರದೂ ಹೋಗುತ್ತದೆ. ಆದ್ದರಿಂದ 'ಸಿಬಿಲ್‌ಗೆ ಹಾಕ್ತೀವಿ' ಎಂಬ ಬೆದರಿಕೆಗೆ ಅರ್ಥವೇ ಇಲ್ಲ. ಸಾಲ ತೆಗೆದ ತಿಂಗಳೇ ನೀವು ಅದರಲ್ಲಿದ್ದೀರಿ. ಕಪ್ಪುಪಟ್ಟಿ ಎಂಬುದೊಂದು ಅಲ್ಲಿಲ್ಲ, ಇರುವುದು ಎಲ್ಲರ ಪಟ್ಟಿ. ಹಾಗೆಯೇ ಸಾಲ ಕೊಡುವ, ಬಿಡುವ ತೀರ್ಮಾನವೂ ಈ ಕಂಪನಿಗಳದಲ್ಲ. ಒಂದೇ ವರದಿ ನೋಡಿ ಒಂದು ಬ್ಯಾಂಕು ಒಲ್ಲೆನ್ನಬಹುದು, ಎದುರಿನ ಬೀದಿಯ ಬ್ಯಾಂಕು ಹೆಚ್ಚು ಬಡ್ಡಿಗೆ ಒಪ್ಪಬಹುದು.

ಆ ಖಾತೆ ಪುಸ್ತಕ ನೋಡಲು ಹೇಗಿರುತ್ತದೆ? ವರದಿಯಲ್ಲಿ ನಿಮ್ಮ ಹೆಸರು, ಪ್ಯಾನ್ ಸಂಖ್ಯೆ, ವಿಳಾಸಗಳ ಕೆಳಗೆ ಒಂದೊಂದು ಸಾಲಕ್ಕೂ ಒಂದೊಂದು ಪೆಟ್ಟಿಗೆ. ಯಾವ ಬಗೆಯ ಸಾಲ, ಒಬ್ಬರ ಹೆಸರಿನದೋ ಜಂಟಿಯೋ ಅಥವಾ ನೀವು ಬರೇ ಜಾಮೀನೋ, ಮಂಜೂರಾದದ್ದೆಷ್ಟು, ಬಾಕಿ ಎಷ್ಟು, ಕೊನೆಯ ಸಲ ಕಟ್ಟಿದ್ದು ಯಾವಾಗ. ಅದರಡಿಯಲ್ಲಿ ತಿಂಗಳಿಗೊಂದರಂತೆ ಚಿಕ್ಕ ಚೌಕಗಳ ಸಾಲು, ಸಾಮಾನ್ಯವಾಗಿ ಹಿಂದಿನ 36 ತಿಂಗಳದ್ದು. ಇಡೀ ವರದಿಯ ಜೀವ ಇರುವುದು ಈ ಚೌಕಗಳಲ್ಲಿ. ಗಡುವು ಮೀರಿ ಎಷ್ಟು ದಿನವಾಯಿತು ಎಂಬ ಎಣಿಕೆ ಅಲ್ಲಿರುತ್ತದೆ. 000 ಎಂದಿದ್ದರೆ ಬಾಕಿ ಇಲ್ಲ. 030 ಎಂದರೆ ಒಂದು ತಿಂಗಳು ತಡ. 090 ದಾಟಿದರೆ ಬ್ಯಾಂಕಿನ ಭಾಷೆಯಲ್ಲಿ ಎನ್‌ಪಿಎ, ಅಂದರೆ ವಸೂಲಾಗದ ಸಾಲ. ಎಕ್ಸ್ ಎಕ್ಸ್ ಎಕ್ಸ್ ಎಂದರೆ ಆ ತಿಂಗಳು ಬ್ಯಾಂಕೇ ಮಾಹಿತಿ ಕಳಿಸಿಲ್ಲ. ಮಾಲ್‌ನಲ್ಲಿ ಯಾರೋ ಒತ್ತಾಯಿಸಿದರೆಂದು ತೆಗೆದುಕೊಂಡ ಕ್ರೆಡಿಟ್ ಕಾರ್ಡೊಂದು ಲಕೋಟೆಯಿಂದ ಹೊರಗೇ ಬಂದಿಲ್ಲ ಎಂದಿಟ್ಟುಕೊಳ್ಳಿ. ಎರಡನೇ ವರ್ಷ ವಾರ್ಷಿಕ ಶುಲ್ಕ 500 ರೂಪಾಯಿ, ಅದಕ್ಕೆ ಶೇ 18 ಜಿಎಸ್‌ಟಿ, ಒಟ್ಟು 590. ಬಿಲ್ಲು ಹಳೆಯ ವಿಳಾಸಕ್ಕೋ ಬಿಟ್ಟುಬಿಟ್ಟ ಮೊಬೈಲ್ ನಂಬರಿಗೋ ಹೋಗುತ್ತದೆ. ಚೌಕಗಳಲ್ಲಿ 030, 061, 091 ಎಂದು ಬೀಳುತ್ತ ಹೋಗುತ್ತದೆ. ಹತ್ತು ವರ್ಷ ತಪ್ಪದೆ ಕಟ್ಟಿದ ಗೃಹಸಾಲದ ಪಕ್ಕದಲ್ಲೇ 590 ರೂಪಾಯಿಯ ಈ ಕಲೆ. ಅಂಕ ಏಕೆ ಬಿತ್ತೆಂದು ಅಂಕ ಹೇಳುವುದಿಲ್ಲ, ಚೌಕ ಹೇಳುತ್ತದೆ.

ಈ ವರದಿಯಲ್ಲಿ ಏನಿಲ್ಲ ಎಂಬುದೂ ಅಷ್ಟೇ ಮುಖ್ಯ. ಸಂಬಳ ಅಂಕಕ್ಕೆ ಸೇರುವುದಿಲ್ಲ. ನಿಶ್ಚಿತ ಠೇವಣಿ ಇಲ್ಲ, ಉಳಿತಾಯ ಖಾತೆಯ ಮೊತ್ತ ಇಲ್ಲ. ಪಹಣಿಯಲ್ಲಿರುವ ಎಕರೆಗಳಿಲ್ಲ. ಡೆಬಿಟ್ ಕಾರ್ಡ್ ಉಜ್ಜಿದ್ದು, ಯುಪಿಐನಲ್ಲಿ ದಿನಕ್ಕೆ ಹತ್ತು ಸಲ ಕಳಿಸಿದ್ದು ಯಾವುದೂ ಲೆಕ್ಕಕ್ಕಿಲ್ಲ. 'ನಾನು ಜೀವಮಾನದಲ್ಲಿ ಒಂದು ರೂಪಾಯಿ ಸಾಲ ಮಾಡಿದವನಲ್ಲ, ನನ್ನ ಅಂಕ ಎಲ್ಲರಿಗಿಂತ ಮೇಲಿರಬೇಕು' ಎಂದು ನಿವೃತ್ತ ಮೇಷ್ಟರೊಬ್ಬರು ಭಾವಿಸುವುದು ಸಹಜ. ಆದರೆ 300ರಿಂದ 900ರ ಈ ಅಳತೆಗೋಲಿನಲ್ಲಿ ಅವರಿಗೆ ಜಾಗವೇ ಇರುವುದಿಲ್ಲ. ಅಂಕದ ಬದಲು ಮೈನಸ್ ಒಂದು ಎಂದೋ 'ಇತಿಹಾಸವಿಲ್ಲ' ಎಂದೋ ಬರುತ್ತದೆ. ಅದು ಕೆಟ್ಟ ಅಂಕವಲ್ಲ. ಪರೀಕ್ಷೆಗೆ ಕೂರದವನಿಗೆ ಫೇಲ್ ಅನ್ನುವುದಿಲ್ಲವಲ್ಲ, ಹಾಗೆ. ಈ ಅಂಕ ಅಳೆಯಲು ಹೊರಟಿರುವುದಕ್ಕೆ ಕನ್ನಡದಲ್ಲಿ ಒಳ್ಳೆಯ ಪದವೇ ಇದೆ: ಪತ್ತು. ಪತ್ತಿನ ಸಹಕಾರ ಸಂಘ ಎನ್ನುವಾಗ ನಾವು ಹೇಳುವುದು, ಕೊಟ್ಟದ್ದು ಹಿಂತಿರುಗುತ್ತದೆ ಎಂದು ಕೊಡುವವನಿಗೆ ಇರುವ ನಂಬಿಕೆಯನ್ನು. ಗದಗ ಬಳಿಯ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ, ದೇಶದ ಮೊದಲನೆಯದೆಂದು ಹೆಸರಾದ ಕೃಷಿ ಪತ್ತಿನ ಸಂಘದಲ್ಲಿ ಆ ನಂಬಿಕೆಗೆ ಯಾವ ಅಂಕವೂ ಬೇಕಿರಲಿಲ್ಲ. ಯಾರು ಎಂಥವರೆಂದು ಊರಿಗೇ ಗೊತ್ತಿತ್ತು. ಮುಂಬೈಯಲ್ಲಿ ಕೂತ ಸಾಲ ವಿಭಾಗಕ್ಕೆ ಅದು ಗೊತ್ತಿಲ್ಲ. ಹಾಗಾಗಿ ಅದು ಇಡೀ ಮನುಷ್ಯನನ್ನು ಬಿಟ್ಟು ಒಂದೇ ಒಂದನ್ನು ಕೇಳುತ್ತದೆ: ಈ ಹಿಂದೆ ತೆಗೆದ ಸಾಲವನ್ನು ಹೇಗೆ ಕಟ್ಟಿದಿರಿ?

ಅಂಕ ಇಷ್ಟನ್ನೇ ಅಳೆಯುತ್ತದೆ ಎಂದು ಒಪ್ಪಿದರೆ ಇನ್ನೊಂದು ಭ್ರಮೆಯೂ ಕರಗುತ್ತದೆ. ಒಳ್ಳೆಯ ಅಂಕವಿದ್ದವರ ಹಣಕಾಸು ನೆಟ್ಟಗಿದೆ ಎಂದೇನೂ ಅಲ್ಲ. ಕ್ರೆಡಿಟ್ ಕಾರ್ಡಿನ ಬಿಲ್ಲಿನಲ್ಲಿ 'ಕನಿಷ್ಠ ಮೊತ್ತ' ಎಂದೊಂದು ಅಂಕಣ ಇರುತ್ತದೆ. 60,000 ರೂಪಾಯಿಯ ಬಿಲ್ಲಿಗೆ 3,000 ಕಟ್ಟಿದರೂ ಆ ತಿಂಗಳ ಚೌಕದಲ್ಲಿ ಬೀಳುವುದು 000. ಉಳಿದ 57,000ಕ್ಕೆ ಹಲವು ಕಾರ್ಡುಗಳಲ್ಲಿ ತಿಂಗಳಿಗೆ ಶೇ 3ರಿಂದ 3.5ರವರೆಗೆ ಬಡ್ಡಿ, ಅಂದರೆ ವರ್ಷಕ್ಕೆ ಶೇ 36ರಿಂದ 42ರ ಆಸುಪಾಸು. ಊರಿನ ಮೀಟರ್ ಬಡ್ಡಿಯವನನ್ನು ಬೈಯುವ ನಾವು ಇದನ್ನು ನಗುನಗುತ್ತಾ ಕಟ್ಟುತ್ತೇವೆ. ಹೀಗೆ ಕುತ್ತಿಗೆಮಟ್ಟ ಮುಳುಗಿರುವವರ ವರದಿಯೂ ಒಂದಷ್ಟು ಕಾಲ ಸಾಕಷ್ಟು ಚೊಕ್ಕವಾಗಿ ಕಾಣಬಹುದು. ಅಂಕ ಕೇಳುವುದು ಸಾಲ ಕೊಟ್ಟವನ ಪ್ರಶ್ನೆ: ನನ್ನ ದುಡ್ಡು ಬರುತ್ತದೋ ಇಲ್ಲವೋ. ಕಟ್ಟುವವನ ಮನೆ ಹೇಗಿದೆ ಎಂಬ ಪ್ರಶ್ನೆ ಅದರಲ್ಲಿ ಇಲ್ಲ. ಅಂಕ ಹೆಚ್ಚಿಸಿಕೊಳ್ಳಲೆಂದೇ ಬೇಡದ ಸಾಲ ತೆಗೆಯುವವರು ಇದನ್ನು ಯೋಚಿಸಬೇಕು.

ಕಾರ್ಡಿನ ಮಾತು ಬಂತು. 'ಹಳೇ ಕಾರ್ಡ್ ಮುಚ್ಚಿಸಿದರೆ ಅಂಕ ಏರುತ್ತದೆ' ಎಂಬುದು ಶಿಸ್ತಿನ ಜನರ ತಪ್ಪು ಕಲ್ಪನೆ. ಅಂಕದ ಸೂತ್ರ ಕಂಪನಿಗಳ ಗುಟ್ಟು, ಆದರೆ ಮಂಜೂರಾದ ಮಿತಿಯಲ್ಲಿ ಎಷ್ಟು ಭಾಗ ಬಳಸುತ್ತಿದ್ದೀರಿ ಎಂಬುದು ಅದರಲ್ಲೊಂದು ಅಂಶ ಎಂದು ಅವೇ ಹೇಳುತ್ತವೆ. 40,000 ಮತ್ತು 60,000 ಮಿತಿಯ ಎರಡು ಕಾರ್ಡುಗಳಿದ್ದು ತಿಂಗಳಿಗೆ 30,000 ಖರ್ಚಾದರೆ ಬಳಕೆ ಶೇ 30. ದೊಡ್ಡ ಕಾರ್ಡ್ ಮುಚ್ಚಿದರೆ ಅದೇ ಖರ್ಚು ಶೇ 75 ಆಗುತ್ತದೆ. ಮುಟ್ಟದ ಕಾರ್ಡಿಗೆ ವರ್ಷ ವರ್ಷ ಶುಲ್ಕ ಕಟ್ಟುವುದಕ್ಕಿಂತ ಅಂಕ ಒಂದಿಷ್ಟು ಇಳಿದರೂ ಪರವಾಗಿಲ್ಲ ಎಂದು ಮುಚ್ಚಿಸಿದರೆ ಅದು ಬುದ್ಧಿವಂತಿಕೆಯೇ. ಅಂಕ ಏರುತ್ತದೆಂದು ಮುಚ್ಚಿಸಬಾರದು, ಅಷ್ಟೇ.

ಹೆಚ್ಚು ಜನರನ್ನು ಹೆಚ್ಚು ಕಾಲ ಕಾಡುವುದು ಮಾತ್ರ 'ಸೆಟಲ್‌ಮೆಂಟ್'. ಒಂದು ಲಕ್ಷ ಬಾಕಿ ಇರುತ್ತದೆ. ವಸೂಲಿಯವರು 'ನಲವತ್ತು ಸಾವಿರ ಒಂದೇ ಸಲ ಕಟ್ಟಿಬಿಡಿ, ಕ್ಲಿಯರ್ ಮಾಡ್ತೀವಿ' ಅನ್ನುತ್ತಾರೆ. ಒಡವೆ ಅಡವಿಟ್ಟೋ ಕೈಗಡ ತಂದೋ ಕಟ್ಟಿದವರು ಋಣ ಹರಿಯಿತೆಂದು ನಿಟ್ಟುಸಿರು ಬಿಡುತ್ತಾರೆ. ಮುಂದೆಂದೋ ಗೃಹಸಾಲಕ್ಕೆ ಹೋದಾಗ ವರದಿಯಲ್ಲಿ ಆ ಖಾತೆಯ ಮುಂದೆ 'ಮುಕ್ತಾಯ' ಎಂದಿರುವುದಿಲ್ಲ, 'ಸೆಟಲ್ಡ್' ಎಂದಿರುತ್ತದೆ. ಬ್ಯಾಂಕಿನವರ ಕಣ್ಣಿಗೆ ಅದರ ಅರ್ಥ, ಅರವತ್ತು ಸಾವಿರ ಬರಲೇ ಇಲ್ಲ. ಇದರಲ್ಲಿ ಸುಳ್ಳೇನೂ ಇಲ್ಲ, ಎರಡು ಪದಗಳ ನಡುವಿನ ಅಂತರವನ್ನು ಕಟ್ಟುವವರಿಗೆ ಯಾರೂ ಹೇಳಿರುವುದಿಲ್ಲ. ಬೇರೆ ದಾರಿಯೇ ಇಲ್ಲದವರಿಗೆ ಸೆಟಲ್‌ಮೆಂಟ್ ಆಸರೆ ನಿಜ; ಕೈಯಲ್ಲಿ ದುಡ್ಡಿದ್ದೂ ಲಾಭವೆಂದು ಅದನ್ನು ಒಪ್ಪುವುದು ದುಬಾರಿ. ಸಾಲಮನ್ನಾದಲ್ಲೂ ಇಂಥದೇ ಒಂದು ತೊಡಕಿದೆ. 2018ರಲ್ಲಿ ರಾಜ್ಯ ಸರ್ಕಾರ ಬೆಳೆಸಾಲ ಮನ್ನಾ ಘೋಷಿಸಿದಂಥ ಸಂದರ್ಭದಲ್ಲಿ ವಿಧಾನಸೌಧದ ಮಾತಿನಿಂದ ಖಾತೆಯ ಚೌಕ ಬದಲಾಗುವುದಿಲ್ಲ. ಸರ್ಕಾರದ ಹಣ ಬ್ಯಾಂಕಿಗೆ ಬಂದು, ಬ್ಯಾಂಕು ಖಾತೆ ತಿದ್ದಿ ವರದಿ ಕಳಿಸಬೇಕು. ಮನ್ನಾ ಬರುತ್ತದೆಂದು ಕಂತು ನಿಲ್ಲಿಸಿ ಕೂತ ತಿಂಗಳುಗಳು ತಡವೆಂದೇ ದಾಖಲಾಗುತ್ತವೆ. ಇನ್ನು ಜಾಮೀನು. 'ಸುಮ್ಮನೆ ಒಂದು ಸೈನ್ ಹಾಕು ಭಾವ' ಎಂಬ ಮಾತಿಗೆ ಹಾಕಿದ ರುಜು ನಿಮ್ಮ ವರದಿಯಲ್ಲಿ ಒಂದು ಪೂರ್ತಿ ಪೆಟ್ಟಿಗೆಯಾಗಿ ಕೂರುತ್ತದೆ. ಸಾಲಗಾರ ತಪ್ಪಿದರೆ ಕಪ್ಪಾಗುವುದು ನಿಮ್ಮ ಚೌಕವೂ ಹೌದು.

ಇಷ್ಟೆಲ್ಲ ಅಡಗಿರುವ ವರದಿಯನ್ನು ಜನ ನೋಡದಿರಲು ಕಾರಣವೂ ಒಂದು ತಪ್ಪು ನಂಬಿಕೆಯೇ. ಪದೇ ಪದೇ ನೋಡಿದರೆ ಅಂಕ ಇಳಿಯುತ್ತದಂತೆ! ನಿಮ್ಮ ವರದಿಯನ್ನು ನೀವು ದಿನಾ ನೋಡಿದರೂ ಅಂಕಕ್ಕೆ ಏನೂ ಆಗದು. ಸಾಲ ಕೇಳಿ ಅರ್ಜಿ ಹಾಕಿದಾಗ ಸಾಲ ಕೊಡುವವರು ತೆರೆದು ನೋಡುವುದು ಬೇರೆ, ಅದು ವಿಚಾರಣೆಯೆಂದು ದಾಖಲಾಗುತ್ತದೆ. ಒಂದೇ ತಿಂಗಳಲ್ಲಿ ಇಂಥವು ಐದಾರು ಬಿದ್ದರೆ 'ಈತ ದುಡ್ಡಿಗೆ ಎಲ್ಲ ಕಡೆ ಅಲೆಯುತ್ತಿದ್ದಾನೆ' ಎಂಬ ಅನುಮಾನ ಹುಟ್ಟುತ್ತದೆ. ಲೋನ್ ಏಜೆಂಟರ ಕೈಗೆ ದಾಖಲೆ ಕೊಟ್ಟಾಗ ಆಗುವ ಅನಾಹುತ ಇದೇ. ನೀವು ಒಂದು ಸಾಲ ಕೇಳಿರುತ್ತೀರಿ, ಅವರು ಅದೇ ಫೈಲನ್ನು ಆರು ಕಡೆ ಕಳಿಸಿರುತ್ತಾರೆ. ಇನ್ನು ಮೊಬೈಲಿನಲ್ಲಿ 'ಉಚಿತವಾಗಿ ಅಂಕ ನೋಡಿ' ಎನ್ನುವ ಆ್ಯಪ್‌ಗಳು. ಅವು ಮೋಸವೇನಲ್ಲ, ದಾನವೂ ಅಲ್ಲ. 'ಒಪ್ಪಿದೆ' ಎಂದು ಟಿಕ್ ಹಾಕಿದಲ್ಲಿ ನಿಮ್ಮ ವರದಿ ನೋಡುವ ಅನುಮತಿಯ ಜೊತೆಗೆ ಸಾಲದ ಕೊಡುಗೆ ಕಳಿಸುವ ಅನುಮತಿಯೂ ಸೇರಿರುವುದುಂಟು. ಮಾರನೇ ದಿನದಿಂದ ಶುರುವಾಗುವ ಕರೆಗಳೇ ಅದರ ಬೆಲೆ. ಒಂದು ಆ್ಯಪಿನಲ್ಲಿ 742, ಇನ್ನೊಂದರಲ್ಲಿ 768 ಕಂಡರೆ ಗಾಬರಿ ಬೇಡ. ನಾಲ್ಕು ಕಂಪನಿಗಳು, ನಾಲ್ಕು ಸೂತ್ರಗಳು. ಒಂದರ ಅಂಕ ಒಂದಿಷ್ಟು ಹಿಂದುಮುಂದು ಆಗುವುದು ಸಹಜ. ಒಂದರಲ್ಲಿ ಇರುವ ಸಾಲ ಇನ್ನೊಂದರಲ್ಲಿ ಇಲ್ಲದಿದ್ದರೆ ಮಾತ್ರ ವಿಚಾರಿಸಬೇಕು.

ಇಲ್ಲಿ ಒಂದು ಗಟ್ಟಿ ಆಕ್ಷೇಪ ಎದುರಾಗುತ್ತದೆ. ಇಷ್ಟು ಕಿರಿದಾದ ಅಳತೆಯನ್ನು ಇಟ್ಟುಕೊಂಡು ಬಡವರನ್ನು, ಮೊದಲ ಸಲ ಸಾಲ ಕೇಳುವವರನ್ನು ಹೊರಗಿಡುವುದು ನ್ಯಾಯವೇ? ಸಾಲವಿಲ್ಲದೆ ಇತಿಹಾಸವಿಲ್ಲ, ಇತಿಹಾಸವಿಲ್ಲದೆ ಸಾಲವಿಲ್ಲ. ಮದುವೆಯಾಗದ ಹೊರತು ಹುಚ್ಚು ಬಿಡದು, ಹುಚ್ಚು ಬಿಡದ ಹೊರತು ಮದುವೆಯಾಗದು ಎಂಬ ಗಾದೆಯ ಸ್ಥಿತಿ. ಆಕ್ಷೇಪದಲ್ಲಿ ಹುರುಳಿದೆ, ಕಾನೂನಿನ ಜಗತ್ತೂ ಅದನ್ನು ಕೇಳಿಸಿಕೊಂಡಿದೆ. ಶಿಕ್ಷಣ ಸಾಲ ಕೇಳಿದ ವಿದ್ಯಾರ್ಥಿಯ ಅಂಕ ಕಡಿಮೆ ಎಂಬ ಕಾರಣಕ್ಕೆ ಅರ್ಜಿ ತಳ್ಳಿಹಾಕುವುದು ಸರಿಯಲ್ಲ ಎಂದು 2023ರಲ್ಲಿ ಕೇರಳ ಹೈಕೋರ್ಟ್ ಹೇಳಿತು. ಮೊದಲ ಬಾರಿ ಸಾಲ ಕೇಳುವವರನ್ನು ಇತಿಹಾಸವಿಲ್ಲ ಎಂಬುದಕ್ಕಷ್ಟೇ ತಿರಸ್ಕರಿಸಬಾರದೆಂದು ರಿಸರ್ವ್ ಬ್ಯಾಂಕ್ ಸಲಹೆ ಕೊಟ್ಟಿದೆ, ಅಂಥವರಿಗೆ ಇಂತಿಷ್ಟು ಕನಿಷ್ಠ ಅಂಕವೆಂಬ ನಿಯಮವಿಲ್ಲ ಎಂದು ಕೇಂದ್ರ ಸರ್ಕಾರ 2025ರಲ್ಲಿ ಸಂಸತ್ತಿಗೇ ತಿಳಿಸಿದೆ. ಆದರೆ ಅದೇ 2025ರಲ್ಲಿ, ಸಾಲದ ದಾಖಲೆ ಕೆಟ್ಟಿದ್ದ ಅಭ್ಯರ್ಥಿಯ ನೇಮಕಾತಿಯನ್ನು ಸ್ಟೇಟ್ ಬ್ಯಾಂಕ್ ರದ್ದು ಮಾಡಿದ್ದನ್ನು ಮದ್ರಾಸ್ ಹೈಕೋರ್ಟ್ ಎತ್ತಿಹಿಡಿಯಿತು. ಪರರ ದುಡ್ಡು ಕಾಯುವ ಬ್ಯಾಂಕಿನ ಕೆಲಸಕ್ಕೆ ಇದನ್ನು ಕೇಳುವುದರಲ್ಲಿ ತರ್ಕವಿದೆ. ಬ್ಯಾಂಕಿನ ಆಚೆಗೂ ಕೆಲಸಕ್ಕೆ, ಬಾಡಿಗೆ ಮನೆಗೆ, ಸಂಬಂಧ ಕುದುರಿಸಲು ಅಂಕ ಕೇಳುವ ಚಾಳಿ ಬೆಳೆದರೆ ಅದು ತೀರಾ ಅತಿ. ಕಂತು ಕಟ್ಟಿದ ಲೆಕ್ಕಕ್ಕೆ ಶೀಲದ ಪ್ರಮಾಣಪತ್ರದ ಬೆಲೆ ಕೊಡಬಾರದು. ಹಾಗೆಂದು ಈ ಪುಸ್ತಕವನ್ನೇ ಸುಟ್ಟರೆ ಬಡವರಿಗೆ ಒಳ್ಳೆಯದಾಗುತ್ತದೆಯೇ? ಹಿಂದೆ ಇದ್ದದ್ದು ಮ್ಯಾನೇಜರರ ಪರಿಚಯ, ಜಾತಿಯ ಪರಿಚಯ, ಶಿಫಾರಸು ಪತ್ರ. ಅವೆಲ್ಲ ಇಲ್ಲದ ಟೈಲರಮ್ಮ 24 ಕಂತು ತಪ್ಪದೆ ಕಟ್ಟಿದ್ದಾರೆಂದು ಹೇಳುವ ಸಾಕ್ಷಿ ಈ ಚೌಕಗಳಲ್ಲದೆ ಇನ್ನಾವುದೂ ಇರುವುದಿಲ್ಲ.

'ಬ್ಯಾಂಕಿನವರು ನೋಡುವುದು ಅಂಕವನ್ನೇ, ನಾನು ವರದಿ ಓದಿ ಏನು ಬಂತು?' ಎಂಬುದು ಇನ್ನೊಂದು ಪ್ರಶ್ನೆ. ಬರುವುದು ತಪ್ಪು ತಿದ್ದುವ ದಾರಿ. ತೀರಿಸಿದ ಸಾಲ ಚಾಲ್ತಿಯಲ್ಲಿದೆ ಎಂದಿರಬಹುದು, ಒಂದೇ ಹೆಸರಿನ ಬೇರೊಬ್ಬರ ಸಾಲ ನಿಮ್ಮದರಲ್ಲಿ ಸೇರಿರಬಹುದು, ಎಲ್ಲೋ ಕೊಟ್ಟ ಪ್ಯಾನ್ ಕಾರ್ಡಿನ ಜೆರಾಕ್ಸಿನಿಂದ ಯಾರೋ ಸಾಲ ಎತ್ತಿರಬಹುದು. ಅಂಕದ ಮೇಲೆ ದೂರು ಕೊಡಲು ಬರುವುದಿಲ್ಲ, ನಮೂದಿನ ಮೇಲೆ ಬರುತ್ತದೆ. 'ಸಿಬಿಲ್ ಕ್ಲಿಯರ್ ಮಾಡಿಸಿಕೊಡ್ತೇವೆ, ಐದು ಸಾವಿರ ಕೊಡಿ' ಎನ್ನುವ ದಲ್ಲಾಳಿಗಳು ಮಾಡುವುದೂ ಹೆಚ್ಚೆಂದರೆ ಇದೇ ದೂರನ್ನು ನಿಮ್ಮ ಹೆಸರಿನಲ್ಲಿ ತುಂಬುವುದು. ನಿಜವಾದ ಬಾಕಿಯನ್ನು ಅಳಿಸುವ ಶಕ್ತಿ ಅವರಿಗಿಲ್ಲ. ಕಂಪನಿಗೂ ಇಲ್ಲ, ಸಾಲ ಕೊಟ್ಟವರು ಒಪ್ಪದೆ ಅದು ಒಂದು ಅಕ್ಷರವನ್ನೂ ತಿದ್ದುವಂತಿಲ್ಲ. ಸಾಲದ ಮಾಹಿತಿಯನ್ನು ಕನಿಷ್ಠ 7 ವರ್ಷ ಇಟ್ಟುಕೊಳ್ಳಬೇಕೆಂಬ ನಿಯಮವೂ ಇದೆ. ಬಾಕಿ ಕಟ್ಟಿದ ಮರುದಿನ ಎಲ್ಲ ಮರೆತುಹೋಗುವುದಿಲ್ಲ. ಹೊಸ ಸೊನ್ನೆಗಳು ಸಾಲುಗಟ್ಟಿದಂತೆ ಹಳೆಯ 091ರ ತೂಕ ನಿಧಾನಕ್ಕೆ ಕಡಿಮೆಯಾಗುತ್ತದೆ.

2017ರಿಂದ ನಾಲ್ಕೂ ಕಂಪನಿಗಳು ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಉಚಿತವಾಗಿ ಕೊಡಲೇಬೇಕು. ಮೂರು ತಿಂಗಳಿಗೊಂದು ಕಂಪನಿಯದರಂತೆ ತರಿಸಿಕೊಂಡರೆ ಒಂದು ಪೈಸೆ ಖರ್ಚಿಲ್ಲದೆ ವರ್ಷವಿಡೀ ಕಣ್ಣಿಟ್ಟ ಹಾಗಾಗುತ್ತದೆ. ಆ್ಯಪ್ ಬಿಟ್ಟು ಕಂಪನಿಯ ಸ್ವಂತ ಜಾಲತಾಣಕ್ಕೇ ಹೋಗಿ. ಮೊದಲು ನೋಡಬೇಕಾದ್ದು ಅಂಕವನ್ನಲ್ಲ. ನಿಮ್ಮದಲ್ಲದ ಪೆಟ್ಟಿಗೆ ಇದೆಯೇ, ಮುಗಿದ ಸಾಲದ ಮುಂದೆ ಬಾಕಿ ಇದೆಯೇ, ಎಲ್ಲಿ ಸೊನ್ನೆಯಲ್ಲದ ಚೌಕವಿದೆ ಎಂದು. ಸಾಲ ತೀರಿಸಿದಾಗ ಪಡೆದ ಬೇಬಾಕಿ ಪತ್ರವನ್ನು ಜೋಪಾನವಾಗಿ ಇಟ್ಟಿದ್ದರೆ ಇಲ್ಲಿ ಉಪಯೋಗಕ್ಕೆ ಬರುತ್ತದೆ. ತಪ್ಪು ಕಂಡರೆ ಸಾಲ ಕೊಟ್ಟ ಬ್ಯಾಂಕಿಗೋ ಆ ಕಂಪನಿಗೋ ಲಿಖಿತ ದೂರು ಕೊಡಿ. ತಿದ್ದುವುದಿಲ್ಲವೆಂದರೆ ಕಾರಣ ಹೇಳಬೇಕು. ಅಲ್ಲಿ ಆಗದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, 2022ರಿಂದ ಈ ಕಂಪನಿಗಳೂ ಅವರ ವ್ಯಾಪ್ತಿಗೆ ಬಂದಿವೆ, ಸಹಾಯವಾಣಿ 14448. ದೂರು ದಾಖಲಾದ ದಿನಾಂಕ ಮತ್ತು ಸಂಖ್ಯೆಯನ್ನು ಮರೆಯದೆ ಬರೆದಿಟ್ಟುಕೊಳ್ಳಿ. 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ನಿಯಮದಂತೆ, 30 ದಿನದೊಳಗೆ ಇತ್ಯರ್ಥವಾಗದ ದೂರಿಗೆ ಆಮೇಲಿನ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರವನ್ನು, ತಡ ಮಾಡಿದ ಬ್ಯಾಂಕೋ ಕಂಪನಿಯೋ ನಿಮಗೆ ಕೊಡಬೇಕು.